ಕಪಾಟಿನ ಬಿಳಿ ಪುಡಿ ಎಲ್ಲಿಂದ ಬರುತ್ತಿತ್ತು

ನಮ್ಮ ಲ್ಯಾಬಿನ ಕೆಮಿಕಲ್ ಕಪಾಟಿನಲ್ಲಿ ಎಷ್ಟು ಒರೆಸಿದರೂ ಬಾಟಲಿಗಳ ಮೇಲೆ ಬಿಳಿ ಪುಡಿ ಕೂರುತ್ತಿತ್ತು. ಬಾಗಿಲಿನ ಕಬ್ಬಿಣದ ಕೀಲುಗಳಿಗೆ ತುಕ್ಕು ಬೇರೆ. ಧೂಳು ಅಂತ ಎಲ್ಲರೂ ಸುಮ್ನೆ ಬಿಟ್ಟಿದ್ದರು. ಧೂಳಾದರೆ ಪಕ್ಕದ ಕಪಾಟಿನಲ್ಲೂ ಇರಬೇಕಲ್ವಾ?

ಮೇಲಿನ ಅರೆಯಲ್ಲಿ ಅಮೋನಿಯಾ ದ್ರಾವಣ, ಕೆಳಗೆ ಹೈಡ್ರೋಕ್ಲೋರಿಕ್ ಆಸಿಡ್. ಎರಡರ ಮುಚ್ಚಳದಿಂದಲೂ ಸಣ್ಣಗೆ ಆವಿ ಸೋರುತ್ತಿತ್ತು. ಆವಿಗಳು ಗಾಳಿಯಲ್ಲೇ ಸೇರಿ ಅಮೋನಿಯಂ ಕ್ಲೋರೈಡ್ ಆಗುತ್ತವೆ, ಅದೇ ಆ ಪುಡಿ. ತುಕ್ಕಿಗೆ ಆಸಿಡ್ ಆವಿಯೇ ಕಾರಣ. ಪುಡಿಗಿಂತ ನನಗೆ ಜಾಸ್ತಿ ಭಯವಾಗಿದ್ದು ಆಸಿಡ್ ಪಕ್ಕದಲ್ಲೇ ಇದ್ದ ಬ್ಲೀಚ್ ಕ್ಯಾನ್ ನೋಡಿ. ಅವೆರಡೂ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.

ಕೈಗವಸು, ಕನ್ನಡಕ ಹಾಕಿ, ಎಕ್ಸಾಸ್ಟ್ ಫ್ಯಾನ್ ಓಡಿಸಿ ಎಲ್ಲ ಇಳಿಸಿದೆವು. ಆಸಿಡ್‌ಗಳು ಪ್ಲಾಸ್ಟಿಕ್ ಕಪಾಟಿಗೆ ಹೋದವು, ಕೆಳಗೆ ಟ್ರೇ. ನೈಟ್ರಿಕ್ ಆಸಿಡ್‌ಗೆ ಬೇರೆಯದೇ ಟ್ರೇ. ಅದು ಬೇಗ ಹೊತ್ತಿಕೊಳ್ಳುವ ಅಸಿಟೋನ್ ದ್ರಾವಕದ ಹತ್ತಿರ ಬರಲೇಬಾರದು. ಅಮೋನಿಯಾ, ಬ್ಲೀಚ್ ಒಂದರಿಂದೊಂದು ದೂರ. ಸಡಿಲ ಮುಚ್ಚಳ ಬದಲಾಯಿಸಿದೆವು. ಆಯಾ ಕೆಮಿಕಲ್‌ನ ಸುರಕ್ಷತಾ ಮಾಹಿತಿ ಇರುವ ಸೇಫ್ಟಿ ಡೇಟಾ ಶೀಟಿನ 7 ಮತ್ತು 10ನೇ ಭಾಗ ಓದಿದರೆ ಯಾವುದನ್ನು ಯಾವುದರಿಂದ ದೂರ ಇಡಬೇಕು ಅಂತ ಗೊತ್ತಾಗುತ್ತದೆ. ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ಮತ್ತೆ ಕೂತಿಲ್ಲ.