ಕೆಂಪು ಗರಿ ಗರುಡನದೇ ಅಂತ ಖಚಿತ ಮಾಡಿಕೊಂಡದ್ದು ಹೀಗೆ: ನನ್ನ ಅನುಭವ

ಬೇಟೆ ಹಕ್ಕಿಯ ಗರಿ ಸಿಕ್ಕಿದೆ ಅಂತ ಯಾರಾದರೂ ಫೋಟೋ ಕಳಿಸಿದರೆ ನಾನು ಮೊದಲು ಕೇಳುವುದು ಉದ್ದ. ಬಣ್ಣದ ಮಾತು ಆಮೇಲೆ. ಯಾಕೆಂದರೆ ನಮ್ಮ ಕಡೆ ಗರುಡನ ರೆಕ್ಕೆಯೂ ಕೆಂಪು, ಕೆಂಬೂತದ ರೆಕ್ಕೆಯೂ ಕೆಂಪು, ಗಂಡು ನವಿಲಿನ ರೆಕ್ಕೆಯ ದೊಡ್ಡ ಗರಿಗಳೂ ಕೆಂಪೇ. ನವಿಲು ಅಂದ ತಕ್ಷಣ ಎಲ್ಲರಿಗೂ ಕಣ್ಣಿರುವ ಗರಿ ನೆನಪಾಗುತ್ತದೆ, ಅದು ರೆಕ್ಕೆ ಬಿಚ್ಚಿದಾಗ ಕಾಣುವ ಇಟ್ಟಿಗೆ ಬಣ್ಣವನ್ನು ಗಮನಿಸಿದವರು ಕಡಿಮೆ. ಗರುಡನದು ಅಂತ ಜನ ತೋರಿಸಿದ ಗರಿಗಳಲ್ಲಿ ನವಿಲಿನದೇ ಜಾಸ್ತಿ ನೋಡಿದ್ದೇನೆ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನನಗೆ ಸಿಕ್ಕಿದ್ದೂ ಇಂಥದೇ ಒಂದು ಗರಿ. ಬ್ಯಾಗಿನಲ್ಲಿ ಸ್ಕೇಲು, ಒಂದು ಬಿಳಿ ಹಾಳೆ ಯಾವಾಗಲೂ ಇರುತ್ತವೆ. ಹಾಳೆ ಹಾಸಿ, ಗರಿ ಇಟ್ಟು, ದಂಟಿನ ಬುಡದಿಂದ ತುದಿವರೆಗೆ ಅಳೆದೆ. 27 ಸೆಂಟಿಮೀಟರ್. ಅಲ್ಲಿಗೆ ಕೆಂಬೂತ ಹೋಯಿತು, ಅದರ ರೆಕ್ಕೆಯ ಗರಿ ಒಂದು ಗೇಣೂ ಬರುವುದಿಲ್ಲ.

ಮುಂದಿನ ಪ್ರಶ್ನೆ, ಇದು ರೆಕ್ಕೆಯದೋ ಬಾಲದ್ದೋ. ದಂಟಿನ ಒಂದು ಬದಿ ತೀರ ಕಿರಿದು, ಇನ್ನೊಂದು ಬದಿ ಅಗಲ. ಅಂದರೆ ರೆಕ್ಕೆಯ ಹೊರಗಡೆಯದು. ಬಾಲದ ನಡುವಿನ ಗರಿಯಾಗಿದ್ದರೆ ಎರಡೂ ಬದಿ ಹೆಚ್ಚುಕಮ್ಮಿ ಸಮ ಇರುತ್ತಿತ್ತು. ಗರಿಯ ಹಿಂಭಾಗ ಗೊತ್ತಾಗಬೇಕಾದರೆ ದಂಟು ನೋಡಿ, ಅಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಇರುತ್ತದೆ, ಬಣ್ಣವೂ ಸ್ವಲ್ಪ ಮಾಸಲು. ಮೇಲ್ಭಾಗ ನಮ್ಮ ಕಡೆಗೆ, ಬುಡ ಮೇಲೆ, ತುದಿ ಕೆಳಗೆ ಬರುವಂತೆ ಹಿಡಿದಾಗ ಕಿರಿದಾದ ಬದಿ ಎಡಕ್ಕೆ ಬಂತು. ಎಡ ರೆಕ್ಕೆ. ಕೂತ ಹಕ್ಕಿಯನ್ನು ಬೆನ್ನ ಕಡೆಯಿಂದ ನೋಡುತ್ತಿದ್ದೇನೆ ಅಂದುಕೊಂಡರೆ ಇದು ಯಾವತ್ತೂ ತಪ್ಪುವುದಿಲ್ಲ.

ಈಗ ಅಗಲವಾದ ಬದಿಗೆ ಬನ್ನಿ. ಬುಡದಿಂದ ಬೆರಳು ಆಡಿಸುತ್ತಾ ಹೋದರೆ ಅರ್ಧ ದಾರಿ ದಾಟಿದ ಮೇಲೆ ಒಂದು ಕಡೆ ಅಂಚು ಥಟ್ಟನೆ ಒಳಕ್ಕೆ ಹೋಗಿ, ಅಲ್ಲಿಂದ ತುದಿವರೆಗೆ ಕಿರಿದಾಗಿಯೇ ಉಳಿಯುತ್ತದೆ. ಈ ಕಚ್ಚು ನನಗೆ ತುಂಬಾ ಇಷ್ಟ. ಗರುಡ, ಹದ್ದು ತೇಲುವಾಗ ರೆಕ್ಕೆಯ ತುದಿಯಲ್ಲಿ ಗರಿಗಳು ಬಿಡಿಬಿಡಿಯಾಗಿ ಕಾಣುತ್ತವಲ್ಲ, ಅದಕ್ಕೆ ಕಾರಣ ಇದೇ. ಆದರೆ ಇದೊಂದನ್ನೇ ನಂಬಿ ಬೇಟೆ ಹಕ್ಕಿ ಅನ್ನಬೇಡಿ, ತೇಲುವ ಬೇರೆ ದೊಡ್ಡ ಹಕ್ಕಿಗಳಲ್ಲೂ ಕಚ್ಚು ಇರುತ್ತದೆ, ಅದೇ ಕೆರೆಯ ಹೆಜ್ಜಾರ್ಲೆಯಲ್ಲೂ ಇದೆ.

ಗೂಬೆಯೋ ಅಂತಲೂ ನೋಡಿದೆ. ಗೂಬೆಯ ಹೊರಗರಿಯ ಮುಂದಿನ ಅಂಚಿನಲ್ಲಿ ಸಣ್ಣ ಹಲ್ಲುಗಳ ಸಾಲು ಇರುತ್ತದೆ, ಮೇಲ್ಮೈ ಮುಟ್ಟಿದರೆ ಮಖಮಲ್ಲು. ಇದು ನುಣುಪು, ಗಟ್ಟಿ, ಅಂಚು ನೇರ. ಗೂಬೆ ಅಲ್ಲ.

ಉಳಿದಿದ್ದು ನವಿಲು ಮತ್ತು ಗರುಡ. ಇಲ್ಲಿ ಬಣ್ಣ ಕೆಲಸಕ್ಕೆ ಬಂತು. ನವಿಲಿನ ರೆಕ್ಕೆಯ ಈ ಗರಿಗಳು ಬುಡದಿಂದ ತುದಿವರೆಗೂ ಕೆಂಪಾಗಿ ಇರುತ್ತವೆ, ನೆಲದ ಮೇಲಿಟ್ಟರೆ ಚೆನ್ನಾಗಿ ಬಾಗಿ ಕೂರುತ್ತವೆ. ನನ್ನ ಗರಿ ಹಾಳೆಯ ಮೇಲೆ ಹೆಚ್ಚುಕಮ್ಮಿ ಚಪ್ಪಟೆಯಾಗಿ ಮಲಗಿತ್ತು, ಕಚ್ಚಿನಿಂದ ಆಚೆ ತುದಿಯೆಲ್ಲ ಕಪ್ಪು. ಹಾರುವ ಗರುಡನನ್ನು ಕೆಳಗಿನಿಂದ ನೋಡಿದವರಿಗೆ ಆ ಕಪ್ಪು ತುದಿಗಳು ಪರಿಚಯ ಇದ್ದೇ ಇರುತ್ತವೆ.

ಫೋಟೋಗಳನ್ನು ಮೇಲಿನಿಂದ, ಕೆಳಗಿನಿಂದ, ಕಚ್ಚಿನ ಹತ್ತಿರದಿಂದ ತೆಗೆದು ಗರಿಯನ್ನು ಅಲ್ಲೇ ಬಿಟ್ಟೆ. ಗರುಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಇರುವ ಹಕ್ಕಿ, ಗರಿ ಮನೆಗೆ ತಂದು ಶೋಕೇಸಿನಲ್ಲಿ ಇಡುವುದು ಬೇಡ. ಮನೆಗೆ ಬಂದು ಫೆದರ್ ಲೈಬ್ರರಿಯ ಚಿತ್ರಗಳ ಜೊತೆ ಹೋಲಿಸಿ ನೋಡಿದೆ. ಭಾರತದ ಹಕ್ಕಿಗಳ ಗರಿಗಳನ್ನೇ ದಾಖಲಿಸುವ ಕೆಲಸ ಅದು, 2021ರಲ್ಲಿ ಶುರುವಾಯಿತು. ನಮ್ಮಂಥವರಿಗೆ ದೊಡ್ಡ ಉಪಕಾರ.

ಒಂದು ಎಚ್ಚರಿಕೆ. ಮರಿ ಗರುಡನಿಗೆ ಈ ಕೆಂಪು ಇರುವುದಿಲ್ಲ, ಕಂದು ಬಣ್ಣ. ಕಂದು ಗರಿ ಒಂದೇ ಸಿಕ್ಕಿ, ಅದರಲ್ಲೂ ತುದಿ ಸವೆದಿದ್ದರೆ, ನಾನು ಹದ್ದು ಅಥವಾ ಮರಿ ಗರುಡ ಅಂತಷ್ಟೇ ಬರೆದುಕೊಳ್ಳುತ್ತೇನೆ. ಹೆಸರು ಹಾಕಲೇಬೇಕು ಅಂತ ಏನೂ ಇಲ್ಲ ಅಲ್ವಾ.