ಕ್ಯಾಶುವಾಲ್ಟಿಯಲ್ಲಿ ಸರದಿ ಹೇಗೆ ನಿರ್ಧಾರವಾಗುತ್ತದೆ, ಕಾಯುವಾಗ ನಾವೇನು ಮಾಡಬೇಕು

ಜಿಲ್ಲಾಸ್ಪತ್ರೆಯ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ತುರ್ತು ಚಿಕಿತ್ಸಾ ವಿಭಾಗದಲ್ಲಿ, ಅಂದರೆ ನಾವೆಲ್ಲ ಕ್ಯಾಶುವಾಲ್ಟಿ ಎಂದು ಕರೆಯುವಲ್ಲಿ, ಮೊದಲು ಬಂದವರನ್ನು ಮೊದಲು ನೋಡುವ ಪದ್ಧತಿ ಇಲ್ಲ. ಓಪಿಡಿಯಲ್ಲಿ ಚೀಟಿಯ ಸಂಖ್ಯೆಯಂತೆ ಕರೆಯುವುದು ರೂಢಿಯಾಗಿರುವ ನಮಗೆ, ಒಂದು ಗಂಟೆಯಿಂದ ಬೆಂಚಿನ ಮೇಲೆ ಕುಳಿತಿರುವಾಗ ಆಗತಾನೇ ಬಂದ ಸ್ಟ್ರೆಚರ್ ನೇರವಾಗಿ ಒಳಗೆ ಹೋದರೆ ಅನ್ಯಾಯವಾಯಿತೆಂದು ಅನ್ನಿಸುವುದು ಸಹಜ. ಆದರೆ ಅಲ್ಲಿ ಸರದಿಯನ್ನು ನಿರ್ಧರಿಸುವುದು ಬಂದ ಸಮಯವಲ್ಲ, ಜೀವಕ್ಕಿರುವ ಅಪಾಯ. ಈ ವಿಂಗಡಣೆಗೆ ಟ್ರಯಾಜ್ ಎಂದು ಹೆಸರು. ಉಸಿರಾಟ, ನಾಡಿ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣ ಮತ್ತು ಪ್ರಜ್ಞೆಯ ಮಟ್ಟವನ್ನು ನೋಡಿ, ತಡಮಾಡದೆ ಕೈಹಾಕಬೇಕಾದವರನ್ನು ಕೆಂಪು, ಸ್ವಲ್ಪ ಹೊತ್ತು ನಿಗಾ ಇಟ್ಟು ನೋಡಬಹುದಾದವರನ್ನು ಹಳದಿ, ಕಾಯಬಲ್ಲವರನ್ನು ಹಸಿರು ಎಂದು ಗುರುತಿಸುತ್ತಾರೆ. ಬಣ್ಣದ ಪಟ್ಟಿ ಕಟ್ಟದ ಆಸ್ಪತ್ರೆಗಳಲ್ಲಿಯೂ ಡ್ಯೂಟಿ ಡಾಕ್ಟರ ಮೊದಲ ನೋಟ ಇದೇ ಕೆಲಸವನ್ನು ಮಾಡುತ್ತದೆ. ಕೈ ಮುರಿದು ನೋವಿನಿಂದ ಕೂಗುತ್ತಿರುವವನಿಗಿಂತ, ಮೈಯೆಲ್ಲ ಬೆವರಿ ಮಾತಿಲ್ಲದೆ ಕುಳಿತ ಹಿರಿಯರು ಮೊದಲು ಒಳಗೆ ಹೋಗಬೇಕಾಗಬಹುದು.

ಆದ್ದರಿಂದ ಮೊದಲ ನಿಮಿಷದಲ್ಲಿ ನಾವು ಏನು ಹೇಳುತ್ತೇವೆ ಎಂಬುದು ಬಹಳ ಮುಖ್ಯ. ಏನಾಯಿತು, ಎಷ್ಟು ಗಂಟೆಗೆ ಶುರುವಾಯಿತು, ಸಕ್ಕರೆ ಕಾಯಿಲೆ, ಬಿಪಿ ಅಥವಾ ಹೃದಯದ ತೊಂದರೆ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಬೇಕು. ಎದೆನೋವಿದ್ದರೆ ಆ ಮಾತನ್ನೇ ಮೊದಲು ಹೇಳಿ, ಏಕೆಂದರೆ ಅಂಥವರಿಗೆ ಬಂದ 10 ನಿಮಿಷಗಳೊಳಗೆ ಇಸಿಜಿ ಆಗಬೇಕೆಂಬುದು ವೈದ್ಯಕೀಯ ಮಾರ್ಗಸೂಚಿ. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರೀ ಉಬ್ಬಸ, ಬೆವರು, ಸುಸ್ತಿನ ರೂಪದಲ್ಲಿಯೂ ಬರಬಹುದು. ಮುಖ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ ಅಥವಾ ಒಂದು ಬದಿಯ ಕೈಕಾಲು ಸೋತಿದ್ದರೆ, ರೋಗಿ ಕೊನೆಯ ಬಾರಿ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಖಚಿತವಾಗಿ ತಿಳಿಸಬೇಕು. ಲಕ್ವಕ್ಕೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ನಿದ್ದೆಯಿಂದ ಏಳುವಾಗಲೇ ಕೈ ಸೋತಿದ್ದರೆ, ಲೆಕ್ಕ ಶುರುವಾಗುವುದು ಎದ್ದ ಹೊತ್ತಿನಿಂದಲ್ಲ, ಹಿಂದಿನ ರಾತ್ರಿ ಮಲಗಿದ ಹೊತ್ತಿನಿಂದ.

ವೈದ್ಯರು ಒಮ್ಮೆ ನೋಡಿದ ಮೇಲೂ ಕಾಯುವುದು ಮುಗಿಯುವುದಿಲ್ಲ, ಅದರ ಕಾರಣ ಮಾತ್ರ ಬದಲಾಗುತ್ತದೆ. ರಕ್ತದ ವರದಿ ಬರಬೇಕಾಗಿರಬಹುದು, ಸಿಟಿ ಸ್ಕ್ಯಾನ್ ಖಾಲಿಯಾಗಬೇಕಾಗಿರಬಹುದು, ಆಪರೇಷನ್ ಥಿಯೇಟರಿನಲ್ಲಿರುವ ಸರ್ಜನ್ ಹೊರಗೆ ಬರಬೇಕಾಗಿರಬಹುದು, ವಾರ್ಡಿನಲ್ಲಿ ಹಾಸಿಗೆ ತೆರವಾಗಬೇಕಾಗಿರಬಹುದು. ಹೀಗಾಗಿ “ಇನ್ನೆಷ್ಟು ಹೊತ್ತು?” ಎಂಬ ಪ್ರಶ್ನೆಗೆ ಸಿಸ್ಟರ್ ಬಳಿ ಉತ್ತರವಿರುವುದಿಲ್ಲ. “ನಾವು ಈಗ ಯಾವುದಕ್ಕಾಗಿ ಕಾಯುತ್ತಿದ್ದೇವೆ, ಸಿಸ್ಟರ್?” ಎಂದು ಕೇಳಿದರೆ ಉತ್ತರ ಸಿಗುತ್ತದೆ, ಮತ್ತು ಪ್ರಯೋಗಾಲಯಕ್ಕೆ ಹೋಗಿ ವರದಿ ತರುವಂಥ ಕೆಲಸವಿದ್ದರೆ ಅದೂ ತಿಳಿಯುತ್ತದೆ.

ಕೆಲವು ಸಂದರ್ಭಗಳಲ್ಲಿ ಕಾಯುವುದೇ ಚಿಕಿತ್ಸೆಯ ಭಾಗ. ಹೃದಯಾಘಾತದ ಅನುಮಾನವಿದ್ದಾಗ ಮೊದಲ ಟ್ರೋಪೋನಿನ್ ಪರೀಕ್ಷೆ ಸರಿಯಾಗಿದ್ದರೂ ಕೆಲವು ಗಂಟೆಗಳ ನಂತರ ಮತ್ತೊಮ್ಮೆ ರಕ್ತ ತೆಗೆಯುತ್ತಾರೆ, ಏಕೆಂದರೆ ಹೃದಯದ ಸ್ನಾಯುವಿಗೆ ಆದ ಹಾನಿ ರಕ್ತದಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು. ಹಾವು ಕಚ್ಚಿದವರ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಹೆಪ್ಪುಗಟ್ಟದಿರುವುದು ವಿಷವೇರಿದ ಲಕ್ಷಣ. ಹೆಪ್ಪುಗಟ್ಟಿದರೂ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಒಂದು ದಿನವಾದರೂ ನಿಗಾದಲ್ಲಿ ಇರಿಸಿಕೊಳ್ಳುತ್ತಾರೆ. “ಏನೂ ಮಾಡುತ್ತಿಲ್ಲ, ಸುಮ್ಮನೆ ಕೂರಿಸಿದ್ದಾರೆ” ಎಂದು ಇಂಥ ಹೊತ್ತಿನಲ್ಲಿ ರೋಗಿಯನ್ನು ಮನೆಗೆ ಕರೆದೊಯ್ಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಸಿರು ಎಂದು ಗುರುತಿಸಿದ ರೋಗಿ ಹಸಿರಾಗಿಯೇ ಉಳಿಯುತ್ತಾನೆ ಎಂಬ ಖಾತರಿ ಇಲ್ಲ. ತಲೆಗೆ ಪೆಟ್ಟು ಬಿದ್ದಿದ್ದ ನಮ್ಮ ಮನೆಯವರೊಬ್ಬರು ಬೆಂಚಿನ ಮೇಲೆಯೇ ತೂಕಡಿಸತೊಡಗಿದಾಗ, ಆಯಾಸವಿರಬೇಕು, ಮಲಗಲಿ ಎಂದು ನಾವು ಸುಮ್ಮನಿದ್ದೆವು. ಪಕ್ಕದ ರೋಗಿಯ ಜೊತೆಗಿದ್ದ ಹೆಂಗಸು ಎಚ್ಚರಿಸದಿದ್ದರೆ ನಾವು ವೈದ್ಯರನ್ನು ಕರೆಯುತ್ತಲೇ ಇರಲಿಲ್ಲ. ಮಂಪರು, ಪದೇ ಪದೇ ವಾಂತಿ, ಫಿಟ್ಸ್, ಹೆಚ್ಚುತ್ತಿರುವ ಉಬ್ಬಸ, ನಿಲ್ಲದ ರಕ್ತ, ತಣ್ಣಗಾದ ಕೈಕಾಲು, ಇವುಗಳಲ್ಲಿ ಯಾವುದು ಕಂಡರೂ ಸಂಕೋಚಪಡದೆ ಎದ್ದುಹೋಗಿ “ಬಂದಾಗ ಹೀಗಿರಲಿಲ್ಲ, ಈಗ ಹೀಗಾಗಿದೆ” ಎಂದು ಹೇಳಬೇಕು. ಕೂಗಾಟದಿಂದ ಸರದಿ ಬದಲಾಗುವುದಿಲ್ಲ, ಬದಲಾಗಲೂಬಾರದು. ಆದರೆ ಈ ಒಂದು ವಾಕ್ಯದಿಂದ ಬದಲಾಗಬಹುದು. ಪಾಳಿ ಬದಲಾಗಿ ಹೊಸ ವೈದ್ಯರು ಬಂದಾಗಲೂ ಇದನ್ನು ಮತ್ತೊಮ್ಮೆ ತಿಳಿಸುವುದು ಒಳ್ಳೆಯದು.

ವೈದ್ಯರು ಹೇಳುವವರೆಗೆ ರೋಗಿಗೆ ಕಾಫಿ, ಎಳನೀರು, ತಿಂಡಿ ಏನನ್ನೂ ಕೊಡಬಾರದು. ಆಪರೇಷನ್ ಬೇಕಾದರೆ ಅರಿವಳಿಕೆ ಕೊಡಲು ಹೊಟ್ಟೆ ಖಾಲಿ ಇರಬೇಕು, ಪ್ರೀತಿಯಿಂದ ತಿನ್ನಿಸಿದ ಎರಡು ಇಡ್ಲಿಯಿಂದ ಆಪರೇಷನ್ ಹಲವು ಗಂಟೆ ಮುಂದೆ ಹೋಗಬಹುದು.

ಇಬ್ಬರು ಜೊತೆಗೆ ಬಂದಿದ್ದರೆ ಒಬ್ಬರು ರೋಗಿಯ ಬಳಿ ಇರಲಿ, ಇನ್ನೊಬ್ಬರು ಚೀಟಿ, ಆಧಾರ್, ಬಿಪಿಎಲ್ ಕಾರ್ಡಿನ ಕೆಲಸ ನೋಡಿಕೊಳ್ಳಲಿ. ಅಪಘಾತ, ವಿಷಸೇವನೆ, ಹಲ್ಲೆಯಂಥ ಪ್ರಕರಣಗಳನ್ನು ಎಂಎಲ್‌ಸಿ, ಅಂದರೆ ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ (ಮೆಡಿಕೋ ಲೀಗಲ್ ಕೇಸ್), ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಆದರೆ ಆ ಕಾಗದಪತ್ರಕ್ಕಾಗಿ ಜೀವ ಉಳಿಸುವ ಚಿಕಿತ್ಸೆ ನಿಲ್ಲುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ, ಪರಮಾನಂದ ಕಟಾರಾ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ.

ಬೇರೆ ಆಸ್ಪತ್ರೆಗೆ ರೆಫರ್ ಮಾಡಿದರೆ ಅವಸರದಲ್ಲಿ ಹೊರಡಬೇಡಿ. ಅಲ್ಲಿ ಐಸಿಯು ಹಾಸಿಗೆ ಅಥವಾ ವೆಂಟಿಲೇಟರ್ ಇದೆಯೇ ಎಂದು ಫೋನ್ ಮಾಡಿ ಕೇಳುವಂತೆ ಡ್ಯೂಟಿ ಡಾಕ್ಟರನ್ನು ವಿನಂತಿಸಿ, 108 ಆಂಬುಲೆನ್ಸಿನಲ್ಲಿಯೇ ಕರೆದೊಯ್ಯಿರಿ. ರೆಫರಲ್ ಚೀಟಿ, ಇಸಿಜಿ, ಎಕ್ಸ್‌ರೇ ಮತ್ತು ಸ್ಕ್ಯಾನ್ ಫಿಲಂಗಳ ಜೊತೆಗೆ ಇಲ್ಲಿ ಕೊಟ್ಟ ಚುಚ್ಚುಮದ್ದಿನ ಹೆಸರು ಮತ್ತು ಕೊಟ್ಟ ಗಂಟೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಅದು ಇಲ್ಲದಿದ್ದರೆ ಮುಂದಿನ ಆಸ್ಪತ್ರೆಯ ವೈದ್ಯರು ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ಮಾಡಿಸಬೇಕಾಗುತ್ತದೆ.