ಲಕ್ವದ ಅಧ್ಯಯನಕ್ಕೆ ಯಾರನ್ನು ಸೇರಿಸಬೇಕು?

ಕೋಲಾರದಲ್ಲಿ ಫಿಸಿಯೋಥೆರಪಿ ಓದುತ್ತಿದ್ದೀರಾ? ಲಕ್ವ ಹೊಡೆದವರ ನಡಿಗೆ ವ್ಯಾಯಾಮದಿಂದ ಎಷ್ಟು ಸುಧಾರಿಸುತ್ತದೆ ಅಂತ ನೋಡಲು ಹೊರಟಿದ್ದೀರಾ? ಓಪಿಡಿಗೆ ಬಂದವರ ಹೆಸರು ಬರೆದುಕೊಂಡರೆ ಆಯ್ತಲ್ವಾ ಅನ್ನಿಸುತ್ತದೆ. ಆದರೆ ಬಸ್ ಹತ್ತಿ ಬರುವವರು ಈಗಾಗಲೇ ಒಂದಿಷ್ಟು ಚೇತರಿಸಿಕೊಂಡವರು. ಶ್ರೀನಿವಾಸಪುರದ ಕಡೆ ಹಳ್ಳಿಯಲ್ಲಿ ಮಂಚ ಹಿಡಿದವರು ನಿಮ್ಮ ಪಟ್ಟಿಗೆ ಬರುವುದೇ ಇಲ್ಲ. ಅವರಿಗಾಗಿ ಆಶಾ ಕಾರ್ಯಕರ್ತೆಯರನ್ನು ಕೇಳಿ.

ಎಥಿಕ್ಸ್ ಕಮಿಟಿ ಒಪ್ಪಿಗೆ, ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ (ಇಂಥ ಅಧ್ಯಯನಗಳನ್ನು ದಾಖಲಿಸುವ ಪಟ್ಟಿ) ನೋಂದಣಿ, ಎರಡೂ ಮೊದಲ ವ್ಯಕ್ತಿಯನ್ನು ಸೇರಿಸುವ ಮುಂಚೆಯೇ ಮುಗಿದಿರಲಿ.

ಆಮೇಲೆ ಲಕ್ವ ಹೊಡೆದು ಎಷ್ಟು ದಿನವಾಯ್ತು ಅನ್ನುವ ಲೆಕ್ಕ. ತಾನಾಗಿ ಆಗುವ ಚೇತರಿಕೆ ಮೊದಲ 3 ತಿಂಗಳಲ್ಲಿ ಜಾಸ್ತಿ. ಹೊಸದಾಗಿ ಲಕ್ವ ಹೊಡೆದವರನ್ನೂ ಹಳಬರನ್ನೂ ಬೆರೆಸಿದರೆ ಗುಣ ಯಾವುದರಿಂದ ಬಂತು ಅಂತ ಹೇಳಲಾಗದು. ಅದಕ್ಕೇ ಎಷ್ಟೋ ಅಧ್ಯಯನಗಳಲ್ಲಿ 6 ತಿಂಗಳು ದಾಟಿದವರನ್ನಷ್ಟೇ ಸೇರಿಸುತ್ತಾರೆ. ತೀರಾ ಬೇಗ ಎಬ್ಬಿಸುವುದೂ ಒಳ್ಳೆಯದಲ್ಲ. 2015ರಲ್ಲಿ ಪ್ರಕಟವಾದ, 2,104 ಜನರಿದ್ದ ಅವರ್ಟ್ ಅಧ್ಯಯನದಲ್ಲಿ 24 ಗಂಟೆಯೊಳಗೆ ಎಬ್ಬಿಸಿ ಮತ್ತೆಮತ್ತೆ ಓಡಾಡಿಸಿದವರಿಗಿಂತ ಮಾಮೂಲಿ ಆರೈಕೆ ಪಡೆದವರೇ ಚೆನ್ನಾಗಿದ್ದರು.

“ಯಾವಾಗ ಆಯ್ತಮ್ಮ?” ಅಂದರೆ “ಮಾವಿನಕಾಯಿ ಕೀಳೋ ಟೈಮಲ್ಲಿ” ಅನ್ನುತ್ತಾರೆ. ಸುಳ್ಳಲ್ಲ, ಆದರೆ ಫಾರಂಗೆ ಸಾಲದು. ಡಿಸ್ಚಾರ್ಜ್ ಚೀಟಿ, ಸಿಟಿ ಸ್ಕ್ಯಾನ್ ರಿಪೋರ್ಟ್ ನೋಡಿ. ರಕ್ತನಾಳ ಕಟ್ಟಿಕೊಂಡಿದ್ದೋ ಒಡೆದಿದ್ದೋ ಅನ್ನುವುದೂ ಅದರಲ್ಲೇ ಇರುತ್ತದೆ.

ನಡಿಗೆ ಅಳೆಯಲು ವರಾಂಡದಲ್ಲಿ 14 ಮೀಟರ್ ಗುರುತು ಹಾಕಿ. ಮೊದಲ 2, ಕೊನೆಯ 2 ಮೀಟರ್ ಲೆಕ್ಕಕ್ಕಿಲ್ಲ. ನಡುವಿನ 10 ಮೀಟರಿಗೆ ಮಾತ್ರ ಸ್ಟಾಪ್‌ವಾಚ್. ಊರುಗೋಲು ಇದ್ದರೆ ಇರಲಿ, ಬರೆದುಕೊಳ್ಳಿ. 25 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 0.4 ಮೀಟರ್. ಅದಕ್ಕಿಂತ ನಿಧಾನದವರು ಸಾಮಾನ್ಯವಾಗಿ ಮನೆಯೊಳಗಷ್ಟೇ ಓಡಾಡುವವರು. 0.8 ದಾಟಿದವರು ಸಂತೆಗೂ ಹೋಗಿಬರುತ್ತಾರೆ. ಇವರಲ್ಲಿ ಯಾರು ಬೇಕು ಅನ್ನುವುದು ಮೊದಲೇ ಕಾಗದದ ಮೇಲಿರಲಿ.

ಬಿಪಿ ಹತೋಟಿಗೆ ಬಾರದವರು, ಕೂತಲ್ಲೇ ಎದೆನೋವು ಬರುವವರು ಸದ್ಯಕ್ಕೆ ಬೇಡ. ಇಸಿಜಿ ನೋಡಿ ಡಾಕ್ಟರ್ ಸೈ ಅನ್ನಬೇಕು. ಶುಗರ್ ಇದೆ, ಮಂಡಿ ನೋವಿದೆ ಅಂತ ಮಾತ್ರ ಸುಮ್ನೆ ಬಿಡಬೇಡಿ. ನಮ್ಮ ಕಡೆ ಲಕ್ವದವರಲ್ಲಿ ಅವೆಲ್ಲ ಇಲ್ಲದವರು ಎಷ್ಟು ಜನ ಸಿಕ್ಕಾರು?

ಎಡವುವುದು ಮಾತಿನಲ್ಲಿ. ಮುಳಬಾಗಿಲು ಕಡೆಯ ಒಬ್ಬ ಅಜ್ಜಿಗೆ ನಾನೇ ಕನ್ನಡದಲ್ಲಿ ಪ್ರಶ್ನೆ ಕೇಳಿ, ಉತ್ತರ ಬಾರದ್ದಕ್ಕೆ “ಗ್ರಹಿಕೆ ಇಲ್ಲ” ಅಂತ ಬರೆದಿದ್ದೆ. ಸೊಸೆ ಅದನ್ನೇ ತೆಲುಗಿನಲ್ಲಿ ಕೇಳಿದಾಗ ಅಜ್ಜಿ ತೊದಲುತ್ತಲೇ ಪಟಪಟ ಹೇಳಿದರು. ಒಪ್ಪಿಗೆ ಪತ್ರ ಕನ್ನಡದ ಜೊತೆ ತೆಲುಗು, ಉರ್ದುವಿನಲ್ಲೂ ಇರಲಿ. ಕೆಜಿಎಫ್ ಕಡೆಯವರಿಗೆ ತಮಿಳು. ಓದಲು ಬಾರದವರಿಗೆ ನಿಮ್ಮ ತಂಡಕ್ಕೆ ಸೇರದ ಸಾಕ್ಷಿಯೊಬ್ಬರ ಎದುರು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು.

ಸೇರದವರಿಗೂ ಒಂದು ರಿಜಿಸ್ಟರ್ ಇಡಿ. ಹೆಸರು ಬೇಡ. ವಯಸ್ಸು, ಹೆಣ್ಣೋ ಗಂಡೋ, ಕಾರಣ ಸಾಕು. “ಕರ್ಕೊಂಡು ಬರೋಕೆ ಮಗನಿಗೆ ರಜ ಇಲ್ಲ” ಅಂದರೆ ಹಾಗೇ ಬರೆಯಿರಿ.